ನಮ್ಮ ನೆಲ, ನಮ್ಮ ಹಿರಿಯರು



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ಬರೆಯಬೇಕೆಂದು ಸಂಚಿಕೆಯ ಸಮಿತಿಯವರು ನನ್ನನ್ನು ಕೇಳಿದರು. ಕಟ್ಟಡದ ಚರಿತ್ರೆಗಿಂತ ಅದನ್ನು ಹೊತ್ತು ನಿಂತ ನೆಲದ ಹಾಗೂ ಜನರ ಚರಿತ್ರೆ ದೊಡ್ಡದು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಪೂರ್ವಕ್ಕೆ ಬಯಲುಸೀಮೆ. ಇವೆರಡರ ನಡುವಿನ ಹೊಸ್ತಿಲಂತಿದೆ ನಮ್ಮ ಸೀಮೆ. ತರೀಕೆರೆಯ ಕಡೆ ಅಡಿಕೆ ತೋಟಗಳ ತಂಪು. ಕಡೂರಿನ ಕಡೆ ರಾಗಿ ಹೊಲ, ತೆಂಗು ಮತ್ತು ಮಳೆಗಾಗಿ ಕಾಯುವ ಕಣ್ಣುಗಳು. ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದ ಕೆರೆಯ ಕಡೆಯಿಂದ ಆವತಿ ಹರಿದು ಬಂದು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಅಜ್ಜಂಪುರದ ಕಾವಲುಗಳು ಅಮೃತಮಹಲ್ ಗೋತಳಿಗೆ ಹೆಸರಾದವು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇಗುಲವೂ, ಕವಿ ಜನ್ನ ರಚಿಸಿದ ಶಾಸನವೂ ಇವೆ. ನಾವು ಇಲ್ಲಿಗೆ ಬರುವ ಮೊದಲೇ ಈ ನೆಲಕ್ಕೆ ಭಕ್ತಿಯೂ ಭಾಷೆಯೂ ಇದ್ದವು ಎಂಬುದನ್ನು ನಾವು ವಿನಯದಿಂದ ನೆನೆಯತಕ್ಕದ್ದು.

ಮೈಸೂರು ಸೀಮೆಗೆ ಶುಭಸಂದೇಶವು 17ನೆಯ ಶತಮಾನದಲ್ಲಿ ಯೇಸುಸಭೆಯ ಗುರುಗಳಿಂದ ಬಂದಿತು. 1799ರ ತರುವಾಯ ಪ್ಯಾರಿಸ್ ಮಿಷನ್ನಿನ ಅಬ್ಬೆ ದುಬಾಯ್ ಸ್ವಾಮಿಗಳು ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದರು. ಸಿಡುಬಿನ ವಿರುದ್ಧ ದಾಕು ಹಾಕಿಸುವುದರಲ್ಲಿಯೂ ಶ್ರಮಿಸಿದರು. 1876–78ರ ಮಹಾಕ್ಷಾಮ ಬಂದಾಗ ಮೈಸೂರು ಸಂಸ್ಥಾನವೇ ನಲುಗಿತು. 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮದ ಬಳಿಕ ರೈಲು ಬಂದಿತು. 1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗಿನ ದಾರಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಪೂರ್ಣಗೊಂಡಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಕವಲು ತೆರೆಯಿತು. ಬೆಟ್ಟದ ಮೇಲೆ ಕಾಫಿ ತೋಟಗಳು, ಕೆಳಗೆ ಕಂಬಿಯ ಕೆಲಸ: ದುಡಿಯುವ ಕೈಗಳಿಗೆ ಕರೆಯಿತ್ತು. ಅನ್ನವನ್ನರಸಿ ಬಂದವರು ಬುತ್ತಿಯೊಡನೆ ಜಪಮಾಲೆಯನ್ನೂ ತಂದರು.

ಆಡಳಿತದ ದಾರಿಯೂ ಬದಲಾಗುತ್ತ ಬಂದಿತು. 1886ರಲ್ಲಿ ಸ್ಥಾಪಿತವಾದ ಮೈಸೂರು ಧರ್ಮಕ್ಷೇತ್ರದಿಂದ 1940ರಲ್ಲಿ ಬೆಂಗಳೂರು ಬೇರೆಯಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರವು ಉದಯಿಸಿ, ಪೂಜ್ಯ ಅಲ್ಫೋನ್ಸ್ ಮಥಾಯಸ್‌ರವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಆ ದಶಕದಲ್ಲಿಯೇ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಫಲವಾಗಿ ಲ್ಯಾಟಿನ್ನಿನಲ್ಲಿದ್ದ ಬಲಿಪೂಜೆ ಕನ್ನಡಕ್ಕೆ ಬಂದಿತು. ಅದುವರೆಗೆ ಮಣಿ ಸರಿಸುತ್ತ ಮೌನವಾಗಿ ಕುಳಿತಿದ್ದ ಅಜ್ಜಿಯರು ಗುರುಗಳಿಗೆ ತಾಯ್ನುಡಿಯಲ್ಲಿ ಉತ್ತರ ಕೊಡತೊಡಗಿದರು.

ಇನ್ನು ನಾನು ನಿವೇದಿಸಬೇಕಾದ ಒಂದು ತಪ್ಪಿದೆ. ಹಿಂದಿನ ಗುರುಗಳು ಲ್ಯಾಟಿನ್ನಿನಲ್ಲಿ ಬರೆದಿಟ್ಟ ಮರಣದ ದಾಖಲೆ ಪುಸ್ತಕವನ್ನು ನಾನು ಸಾಮಗ್ರಿ ಕೋಣೆಯ ಕೆಳಗಿನ ಗೂಡಿನಲ್ಲಿಯೇ ಬಿಟ್ಟಿದ್ದೆನು. ಒಂದು ಮಳೆಗಾಲ ಕಳೆದು ತೆರೆದಾಗ ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಉಳಿದ ಅಂಚುಗಳಲ್ಲಿ ಒಂದೆಡೆ ಊರಿನ ಹೆಸರು, ಇನ್ನೊಂದೆಡೆ ‘ಶಿಶು’ ಎಂಬರ್ಥದ ಒಂದು ಪದ ಮಾತ್ರ. ರಾಯಪ್ಪ, ಚಿನ್ನಪ್ಪ, ಚೌರಪ್ಪ, ಇನ್ನಾಸಪ್ಪ, ಅಂತೋಣಪ್ಪ ಎಂದು ಮನೆಮನೆಗಳಲ್ಲಿ ಇಂದಿಗೂ ಉಳಿದುಬಂದಿರುವ ಹೆಸರುಗಳ ಮೂಲ ಆ ಹಾಳೆಗಳಲ್ಲಿತ್ತು. ಗೋಪುರಕ್ಕೆ ಬಣ್ಣ ಬಳಿಸಲು ಹಣ ಕೂಡಿಸಿದ ನಾನು ಒಂದು ಪೆಟ್ಟಿಗೆ ಮಾಡಿಸಲು ಮರೆತೆನು. ಇದಕ್ಕಾಗಿ ನಿಮ್ಮಲ್ಲಿ ಕ್ಷಮೆ ಯಾಚಿಸುತ್ತೇನೆ.

ಆದರೆ ಗೆದ್ದಲು ತಿನ್ನಲಾರದ ದಾಖಲೆ ನಿಮ್ಮ ನೆನಪಿನಲ್ಲಿದೆ. ನಮ್ಮ ಸ್ಮಶಾನದ ಹಳೆಯ ಸಮಾಧಿಗಳ ಮೇಲೆ ಕಲ್ಲಿಲ್ಲ, ಬರೆಹವಿಲ್ಲ. ಕಂಬಿ ಹಾಸಿದವರು, ತೋಟ ಕಡಿದವರು, ದೇವಾಲಯದ ಬುನಾದಿಗೆ ಮಣ್ಣು ಹೊತ್ತವರು ಅಲ್ಲಿ ಮಲಗಿದ್ದಾರೆ. ಪ್ರತಿ ಕುಟುಂಬವೂ ತನ್ನ ಹಿರಿಯರು ಯಾವ ಊರಿನಿಂದ ಬಂದರು, ಯಾವ ಕೆಲಸ ಮಾಡಿದರು, ಎಲ್ಲಿ ಮಣ್ಣಾದರು ಎಂಬುದನ್ನು ಬರೆದು ಮೃತರ ಸ್ಮರಣೆಯ ದಿನವಾದ ನವೆಂಬರ್ 2ರೊಳಗೆ ತಂದುಕೊಡಬೇಕೆಂದು ಬೇಡುತ್ತೇನೆ. ಬರೆಯಲು ಬಾರದ ವೃದ್ಧರಿದ್ದರೆ ನಾನೇ ಅವರ ಮನೆಗೆ ಬಂದು ಬರೆದುಕೊಳ್ಳುವೆನು. ತಡಮಾಡಬೇಡಿ, ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಕೇಳಬೇಕಾದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.

ಭದ್ರೆಯ ನೀರನ್ನು ಅಜ್ಜಂಪುರದ ಬಳಿ ಸುರಂಗದ ಮೂಲಕ ಪೂರ್ವದ ಬರಡು ನೆಲಕ್ಕೆ ಸಾಗಿಸುವ ಕಾರ್ಯವನ್ನು ನಮ್ಮ ಕಾಲದಲ್ಲಿಯೇ ಕಂಡಿದ್ದೇವೆ. ದೂರದ ನೀರನ್ನು ಒಣನೆಲಕ್ಕೆ ತರಲು ಅಷ್ಟು ಶ್ರಮ ಬೇಕಾದರೆ, ನೂರು ವರ್ಷಗಳ ಹಿಂದಿನ ವಿಶ್ವಾಸವನ್ನು ಮುಂದಿನ ಪೀಳಿಗೆಗೆ ಮುಟ್ಟಿಸಲು ಸ್ವಲ್ಪವಾದರೂ ಶ್ರಮಪಡಬೇಡವೇ? ಹೆಸರು ಅಳಿದುಹೋದವರ ಹೆಸರನ್ನು ದೇವರು ಬಲ್ಲರು. ಅವರನ್ನು ನಾವೂ ಬಲ್ಲವರಾಗೋಣ. ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.

ನಿಮ್ಮ ವಿಚಾರಣಾ ಗುರು