ಹಳೆಯ ಕಾರುಗಳ ಏಸಿ: ಗ್ಯಾಸ್ ತುಂಬುವ ಕಸುಬಿನ ಚರಿತ್ರೆ

ಅಮೆರಿಕದ ಪ್ಯಾಕರ್ಡ್ ಕಂಪನಿಯು 1940ರ ಮಾದರಿಯ ಕಾರುಗಳಿಗೆ ಹವಾನಿಯಂತ್ರಣವನ್ನು ಅಳವಡಿಸಿ ಮಾರತೊಡಗಿದಾಗ, ಕಂಪ್ರೆಸರನ್ನು ಎಂಜಿನ್ನಿನಿಂದ ಬೇರ್ಪಡಿಸುವ ಕ್ಲಚ್ ಇನ್ನೂ ಬಂದಿರಲಿಲ್ಲವಾದ್ದರಿಂದ, ಚಳಿಗಾಲದಲ್ಲಿ ಏಸಿ ನಿಲ್ಲಿಸಬೇಕಾದವರು ಬಾನೆಟ್ ತೆರೆದು ಬೆಲ್ಟನ್ನೇ ಕಳಚಬೇಕಾಗಿತ್ತು. ಡಿಕ್ಕಿಯ ಅರ್ಧದಷ್ಟು ಜಾಗವನ್ನು ನುಂಗಿದ್ದ ಆ ದುಬಾರಿ ವ್ಯವಸ್ಥೆ ಬೇಗನೆ ಮರೆಯಾಯಿತು. 1954ರಲ್ಲಿ ನ್ಯಾಶ್ ಕಂಪನಿಯು ಇಡೀ ಯಂತ್ರವನ್ನು ಕಾರಿನ ಮುಂಭಾಗಕ್ಕೆ ತಂದ ನಂತರ ಏಸಿ ಹೆಚ್ಚು ಜನರ ಕೈಗೆಟುಕಿತು, ಅದರೊಡನೆ ದುರಸ್ತಿಯ ಕಸುಬೂ ಬೆಳೆಯಿತು.

ಈ ಏಸಿಗಳಲ್ಲಿ ಹರಿಯುತ್ತಿದ್ದುದು ಆರ್-12 ಎಂಬ ಶೀತಕ, ಅಂದರೆ ಆವಿಯಾಗುವಾಗ ಶಾಖವನ್ನು ಹೀರಿ, ಒತ್ತಡದಲ್ಲಿ ಮತ್ತೆ ದ್ರವವಾಗುವಾಗ ಅದನ್ನು ಹೊರಗೆ ಬಿಡುವ ವಸ್ತು. ಥಾಮಸ್ ಮಿಡ್ಜ್ಲಿ ಮತ್ತು ಸಂಗಡಿಗರು 1928ರ ಸುಮಾರಿಗೆ ರೂಪಿಸಿದ ಈ ಅನಿಲ ಹೊತ್ತಿಕೊಳ್ಳುತ್ತಿರಲಿಲ್ಲ, ವಿಷವೂ ಆಗಿರಲಿಲ್ಲ. ಮುಂದೆ ಅಗ್ಗವೂ ಆಯಿತು. ಆದರೆ ಕಂಪ್ರೆಸರಿನ ಸೀಲು ಮತ್ತು ರಬ್ಬರ್ ಹೋಸುಗಳ ಮೂಲಕ ಅದು ಮೆಲ್ಲಗೆ ಸೋರುತ್ತಿತ್ತು. ಮೆಕ್ಯಾನಿಕನು ಮೊದಲು ಡ್ರೈಯರ್, ಅಂದರೆ ತೇವ ಹೀರುವ ಡಬ್ಬಿಯ ಮೇಲಿನ ಗಾಜಿನ ಕಿಂಡಿಯಲ್ಲಿ ಗುಳ್ಳೆಗಳು ಏಳುತ್ತಿವೆಯೇ ಎಂದು ನೋಡುತ್ತಿದ್ದ. ಎದ್ದರೆ ಗ್ಯಾಸ್ ಕಡಿಮೆಯಾಗಿರುವ ಸೂಚನೆ. ಬಳಿಕ ಹ್ಯಾಲೈಡ್ ದೀಪದ ಮೂಗುಕೊಳವೆಯನ್ನು ಪ್ರತಿಯೊಂದು ಜಾಯಿಂಟಿನ ಕೆಳಗೂ ನಿಧಾನವಾಗಿ ಸರಿಸುತ್ತಿದ್ದ. ಸೋರಿದ ಅನಿಲವನ್ನು ಆ ಕೊಳವೆ ಎಳೆದುಕೊಂಡೊಡನೆ, ಕಾದ ತಾಮ್ರವನ್ನು ಸುತ್ತಿದ ಜ್ವಾಲೆ ಹಸಿರು ಬಣ್ಣಕ್ಕೆ ತಿರುಗುತ್ತಿತ್ತು. ಇಷ್ಟು ಸೂಕ್ಷ್ಮವಾದ ವಿಧಾನವಿದ್ದರೂ, ಅನಿಲ ಅಗ್ಗವಾಗಿದ್ದುದರಿಂದ ತೂತು ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವುದು ಹಲವರಿಗೆ ರೂಢಿಯಾಯಿತು.

ಇಂಥ ಅನಿಲಗಳು ಓಝೋನ್ ಪದರವನ್ನು ಕೆಡಿಸಬಲ್ಲವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದವು ಅವುಗಳ ಉತ್ಪಾದನೆಗೆ ಕಡಿವಾಣ ಹಾಕಿತು. ಅಮೆರಿಕದಲ್ಲಿ 1992ರ ಜುಲೈ 1ರಿಂದ ದುರಸ್ತಿಯ ವೇಳೆ ಶೀತಕವನ್ನು ಗಾಳಿಗೆ ಬಿಡುವುದು ಕಾನೂನುಬಾಹಿರವಾಯಿತು. ಆದ್ದರಿಂದ ಯಂತ್ರದಿಂದ ಅದನ್ನು ಹಿಂದಕ್ಕೆಳೆದು ಸಿಲಿಂಡರಿನಲ್ಲಿ ಸಂಗ್ರಹಿಸುವುದು ಮೆಕ್ಯಾನಿಕನ ಕರ್ತವ್ಯವಾಯಿತು.

ಮುಂದೆ ಹೊಸ ಕಾರುಗಳಿಗೆ ಆರ್-12ರ ಬದಲು ಬಂದ ಆರ್-134ಎ ಎಂಬ ಶೀತಕವು ಹಳೆಯ ಖನಿಜ ತೈಲದಲ್ಲಿ ಬೆರೆಯದು. ತೈಲವು ಅನಿಲದೊಡನೆ ಹರಿದು ಕಂಪ್ರೆಸರಿಗೆ ಮರಳದಿದ್ದರೆ ಕಂಪ್ರೆಸರ್ ಸವೆದು ಹಾಳಾಗುತ್ತದೆ. ಹೀಗಾಗಿ ಹಳೆಯ ಕಾರನ್ನು ಹೊಸ ಅನಿಲಕ್ಕೆ ಬದಲಿಸುವಾಗ ಎಸ್ಟರ್ ಅಥವಾ ಪಿಎಜಿ ತೈಲ, ಹೊಸ ಡ್ರೈಯರ್, ಬೇರೆ ಆಕಾರದ ಫಿಟ್ಟಿಂಗುಗಳನ್ನು ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿಯನ್ನೂ ತೇವವನ್ನೂ ತೆಗೆದು, ಮೊದಲಿಗಿಂತ ತುಸು ಕಡಿಮೆ ತೂಕದ ಗ್ಯಾಸನ್ನು ತುಂಬುವ ಕ್ರಮ ನೆಲೆಗೊಂಡಿತು. ತೇವ ಉಳಿದರೆ ಅದು ಶೀತಕದ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರುದಾರಿಯಲ್ಲಿ ಹೆಪ್ಪುಗಟ್ಟಿ ಹರಿವನ್ನೇ ತಡೆಯುತ್ತದೆ.

ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದು. ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಅದರ ಬಳಕೆಯನ್ನೂ ತಗ್ಗಿಸಲು ಮುಂದಾಯಿತು. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಮೊದಲು ಸೋರಿಕೆಯನ್ನು ಮುಚ್ಚಿ ಆಮೇಲೆ ಗ್ಯಾಸ್ ತುಂಬಬೇಕೆಂಬುದು ಈ ಕಸುಬಿನ ಚರಿತ್ರೆ ಕಲಿಸುವ ಮುಖ್ಯ ಪಾಠ. ಅದನ್ನು ಪಾಲಿಸುವ ಮೆಕ್ಯಾನಿಕನು ಗಿರಾಕಿಯ ಹಣದೊಡನೆ ಎಲ್ಲರ ವಾತಾವರಣವನ್ನೂ ಕಾಯುತ್ತಾನೆ.