ಕವಡೆಯ ನಾಡು

ಕವಡೆಯಷ್ಟು ಅವಮಾನಕ್ಕೆ ಗುರಿಯಾದ ವಸ್ತು ನಮ್ಮ ಮಾತಿನಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ. ಕೆಲಸಕ್ಕೆ ಬಾರದವನನ್ನು ಕವಡೆ ಕಾಸಿನ ಕಿಮ್ಮತ್ತಿಲ್ಲದವನೆನ್ನುತ್ತೇವೆ. ಜಿಪುಣನನ್ನು ಕಂಡರೆ ಒಂದು ಕವಡೆಯನ್ನೂ ಬಿಚ್ಚದವನೆನ್ನುತ್ತೇವೆ. ಆದರೂ ಅದು ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ. ಸವದತ್ತಿಯ ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆಯ ಸರವಿದೆ. ಜೋಯಿಸರು ಕವಡೆ ಹಾಕಿ ಕಳೆದುಹೋದ ಎಮ್ಮೆಯ ದಿಕ್ಕನ್ನು ಹೇಳುತ್ತಾರೆ. ಚಿಕ್ಕಂದಿನಲ್ಲಿ ಚೌಕಾಬಾರದ ಮನೆ ಬರೆದು, ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ, ಗರ ಬಿದ್ದಾಗ ಕೂಗಿ ಊರನ್ನೆಬ್ಬಿಸಿದವರಲ್ಲಿ ನಾನೂ ಒಬ್ಬ. ಬಯಲುಸೀಮೆಯ ನಡುವೆ, ಸಮುದ್ರವನ್ನೇ ಕಾಣದ ಹಳ್ಳಿಗೆ ಈ ಚಿಪ್ಪು ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ. ಅದನ್ನು ಕೇಳಿಕೊಂಡು ಹೊರಟರೆ ನಾವು ಮುಟ್ಟುವುದು ಒಂದು ಪುಟ್ಟ ರಾಷ್ಟ್ರವನ್ನು. ನೂರಾರು ವರ್ಷಗಳ ಕಾಲ ಭಾರತಕ್ಕೆ ಹಡಗುಗಟ್ಟಲೆ ಕವಡೆಯನ್ನು ಕಳುಹಿಸಿದ ಆ ನಾಡು ಮಾಲ್ದೀವು.

ಭೂಪಟದಲ್ಲಿ ಅದನ್ನು ಹುಡುಕುವುದೇ ಒಂದು ಶ್ರಮ. ನಮ್ಮ ಲಕ್ಷದ್ವೀಪದ ತುದಿಯಿಂದ ತೆಂಕಣಕ್ಕೆ ಯಾರೋ ಸಾಸಿವೆಯನ್ನು ಚೆಲ್ಲಿದಂತೆ ಸುಮಾರು 1,200 ದ್ವೀಪಗಳು, ಉತ್ತರದಿಂದ ದಕ್ಷಿಣಕ್ಕೆ ಎಂಟುನೂರು ಕಿಲೋಮೀಟರಿಗೂ ಮಿಕ್ಕಿ ಹರಡಿ, ಭೂಮಧ್ಯ ರೇಖೆಯನ್ನು ದಾಟಿ ನಿಂತಿವೆ. ಇಷ್ಟನ್ನೂ ಒಟ್ಟುಗೂಡಿಸಿದರೆ ಆಗುವ ನೆಲ ಸುಮಾರು 300 ಚದರ ಕಿಲೋಮೀಟರು. ಬೆಂಗಳೂರು ನಗರದ ಅರ್ಧಕ್ಕೂ ಕಡಿಮೆ. ಜನವಸತಿಯಿರುವ ದ್ವೀಪಗಳು ಇನ್ನೂರಕ್ಕಿಂತ ಕಡಿಮೆ. 2022ರ ಜನಗಣತಿಯಲ್ಲಿ ಅಲ್ಲಿ ವಾಸವಾಗಿದ್ದವರು ಪರದೇಶದಿಂದ ದುಡಿಯಲು ಬಂದವರೂ ಸೇರಿ 5,15,000ಕ್ಕೆ ತುಸು ಹೆಚ್ಚು. ನದಿಯಿಲ್ಲ, ಬೆಟ್ಟವಿಲ್ಲ. ನೆಲದ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಒಂದೂವರೆ ಮೀಟರು. ಎಂದರೆ ನೆಲದ ಮೇಲೆ ನಿಂತ ಮನುಷ್ಯ ಅಲ್ಲಿಯ ನೆಲಕ್ಕಿಂತ ಎತ್ತರ!

ಈ ದ್ವೀಪಗಳು ಬಿಡಿಬಿಡಿಯಾಗಿಲ್ಲ. ಬಳೆಯ ಆಕಾರದಲ್ಲಿ ಗುಂಪುಗೂಡಿವೆ. ಅಂಥ ಬಳೆಗೆ ಅಲ್ಲಿಯವರು ಅತೊಳು ಎನ್ನುತ್ತಾರೆ. ಇಂಗ್ಲಿಷರು ಅದನ್ನೇ ಅಟಾಲ್ ಎಂದು ಮಾಡಿಕೊಂಡರು. ಆ ಪುಟ್ಟ ಭಾಷೆ ಜಗತ್ತಿಗೆಲ್ಲ ಕೊಟ್ಟ ಒಂದೇ ಶಬ್ದವೆಂದರೂ ಸಲ್ಲುತ್ತದೆ. ಬಳೆಯ ಆಕಾರ ಏಕೆ ಬಂತೆಂಬುದನ್ನು 1842ರಲ್ಲಿ ಡಾರ್ವಿನ್ ವಿವರಿಸಿದ. ಕಡಲಿನಿಂದ ಎದ್ದ ಜ್ವಾಲಾಮುಖಿಯ ಸುತ್ತ ಹವಳದ ಹುಳುಗಳು ದಿಬ್ಬ ಕಟ್ಟುತ್ತವೆ. ಬೆಟ್ಟ ಯುಗಯುಗಾಂತರದಲ್ಲಿ ಮೆಲ್ಲಗೆ ಕುಸಿಯುತ್ತದೆ. ಹವಳವಾದರೋ ಬೆಳಕನ್ನು ಅರಸಿ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮುಳುಗಿ ಬಳೆ ಉಳಿಯುತ್ತದೆ. ಡಾರ್ವಿನ್ ಮಾಲ್ದೀವನ್ನು ಕಣ್ಣಾರೆ ಕಂಡವನಲ್ಲ. ಅವನ ಮುಂದಿದ್ದದ್ದು ಕ್ಯಾಪ್ಟನ್ ಮೋರ್ಸ್‌ಬಿ ಎಂಬಾತ 1834ರಿಂದ 1836ರವರೆಗೆ ಅಲ್ಲಿ ಅಳೆದು ಬರೆದ ನಕ್ಷೆಗಳು. ಮನೆಯಲ್ಲಿ ಕುಳಿತೂ ಒಳ್ಳೆಯ ನಕ್ಷೆಯಿಂದ ಏನನ್ನು ಕಾಣಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅಲ್ಲಿಯ ಜನ ತಮ್ಮನ್ನು ದಿವೇಹಿಗಳೆಂದೂ ತಮ್ಮ ನಾಡನ್ನು ದಿವೇಹಿ ರಾಜ್ಜೆ ಎಂದೂ ಕರೆದುಕೊಳ್ಳುತ್ತಾರೆ. ಕಿವಿಗೊಟ್ಟು ಕೇಳಿದರೆ ನಮಗೆ ಅರ್ಥವಾಗದ ಮಾತಲ್ಲ: ದ್ವೀಪ, ರಾಜ್ಯ. ಅವರ ಭಾಷೆ ಸಿಂಹಳದ ಸೋದರಿ, ಸಂಸ್ಕೃತದ ವಂಶದ್ದು; ಅಕ್ಷರವನ್ನು ಮಾತ್ರ ಅರಬ್ಬಿಯಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ತಾನ ಎಂಬ ಆ ಲಿಪಿಯದೊಂದು ಸೋಜಿಗವಿದೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದಲೂ ಮುಂದಿನವು ಹಳೆಯ ದೇಶೀ ಅಂಕಿಗಳಿಂದಲೂ ಹುಟ್ಟಿದವು. ಎಣಿಸುವ ಚಿಹ್ನೆಯಲ್ಲೇ ಬರೆಯುವ ಜನ! ಕವಡೆಯನ್ನು ಲಕ್ಷಗಟ್ಟಲೆ ಎಣಿಸಿದವರಿಗೆ ಇದು ಸಹಜವೇ ಇರಬೇಕೆಂದು ನಾನು ತಮಾಷೆಗೆ ಅಂದುಕೊಳ್ಳುವುದುಂಟು. ಇದಕ್ಕೆ ಮುಂಚಿನ ಅವರ ಲಿಪಿಗಳು ಬ್ರಾಹ್ಮಿಯ ಸಂತಾನ. ನಮ್ಮ ಲಿಪಿಯಂತೆಯೇ ಎಡದಿಂದ ಬಲಕ್ಕೆ ನಡೆಯುತ್ತಿದ್ದವು.

ಹನ್ನೆರಡನೆಯ ಶತಮಾನದವರೆಗೆ ಅವರು ಬೌದ್ಧರು. 1153ರಲ್ಲಿ ಅರಸನು ಇಸ್ಲಾಮನ್ನು ಒಪ್ಪಿದನೆಂಬುದು ಅವರ ಚರಿತ್ರೆಯ ಲೆಕ್ಕ. ಜನರು ಹೇಳುವ ಕಥೆ ಬೇರೆ: ತಿಂಗಳಿಗೊಮ್ಮೆ ಕಡಲಿನಿಂದ ದೀಪಗಳ ಹಡಗಿನಂತೆ ಬರುತ್ತಿದ್ದ ಭೂತಕ್ಕೆ ಒಬ್ಬ ಕನ್ಯೆಯನ್ನು ಬಲಿ ಕೊಡಬೇಕಿತ್ತು, ಪಶ್ಚಿಮದಿಂದ ಬಂದ ಅಬುಲ್ ಬರಕಾತ್ ಎಂಬ ಸಾಧುವು ಕನ್ಯೆಯ ಬದಲಿಗೆ ತಾನೇ ಗುಡಿಯಲ್ಲಿ ಕುಳಿತು ರಾತ್ರಿಯೆಲ್ಲ ಕುರಾನನ್ನು ಓದಿ ಭೂತವನ್ನು ಓಡಿಸಿದನು. ಬಕಾಸುರನ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ಆ ಶತಮಾನದ ಕೊನೆಯ ತಾಮ್ರಪಟಗಳು ಇಷ್ಟು ಸೌಮ್ಯವಾಗಿ ಮಾತನಾಡುವುದಿಲ್ಲ. ತೆಂಕಣದ ಹದ್ದುನ್ಮತಿ ಅಟಾಲಿನಲ್ಲಿ ವಿಹಾರಗಳನ್ನು ಕೆಡವಿ, ಭಿಕ್ಷುಗಳನ್ನು ರಾಜಧಾನಿ ಮಾಲೆಗೆ ಒಯ್ದು ತಲೆ ಕಡಿಸಿದ ಸಂಗತಿಯನ್ನು ರಾಜಾಜ್ಞೆಯ ಭಾಷೆಯಲ್ಲಿ, ನಾಚಿಕೆಯಿಲ್ಲದೆ, ಅವು ಹೇಳುತ್ತವೆ. ಕಥೆ ಕಟ್ಟಿದವರು ಮರೆಯಲು ಬಯಸಿದ್ದನ್ನು ಗುಮಾಸ್ತರು ತಾಮ್ರದ ಮೇಲೆ ಕೊರೆದಿಟ್ಟರು. ಸಿಂಹಳದ ಪ್ರಾಕ್ತನ ಇಲಾಖೆಯ ಅಧಿಕಾರಿಯಾಗಿದ್ದ ಬೆಲ್ ಎಂಬ ವಿದ್ವಾಂಸನು 1879ರಲ್ಲಿ ಹಡಗೊಡೆದು ಈ ದ್ವೀಪಗಳಲ್ಲಿ ಇಳಿದು, ಮತ್ತೆ 1920ರಲ್ಲೂ 1922ರಲ್ಲೂ ಬಂದು ಸ್ತೂಪಗಳ ಅವಶೇಷಗಳನ್ನು ಅಗೆದು ಅಳೆದ. ಅವನ ದೊಡ್ಡ ಗ್ರಂಥ ಅಚ್ಚಾದದ್ದು 1940ರಲ್ಲಿ, ಅವನು ತೀರಿಕೊಂಡ ಮೂರು ವರ್ಷಗಳ ಮೇಲೆ. ಮಾಲೆಯ ವಸ್ತುಸಂಗ್ರಹಾಲಯದಲ್ಲಿ ಹವಳದ ಕಲ್ಲಿನ ಬೌದ್ಧ ಮೂರ್ತಿಗಳು ಕೆಲವು ಉಳಿದಿದ್ದವು. 2012ರ ಫೆಬ್ರವರಿ 7ರಂದು, ಅಧ್ಯಕ್ಷರು ರಾಜೀನಾಮೆ ಕೊಟ್ಟ ಗದ್ದಲದ ದಿನ, ಒಂದು ಗುಂಪು ಒಳನುಗ್ಗಿ ಅವುಗಳನ್ನು ಪುಡಿಮಾಡಿತು. ಪರದೇಶದ ದೇವರನ್ನು ಒಡೆದೆವೆಂದು ಅವರು ತಿಳಿದಿದ್ದರೆ ಅದು ಸುಳ್ಳು. ಒಡೆದದ್ದು ತಮ್ಮ ಅಜ್ಜಂದಿರ ಕೈಕೆಲಸವನ್ನೇ.

ಅಜ್ಜಂದಿರನ್ನು ಅಷ್ಟು ಸುಲಭವಾಗಿ ಒಡೆಯಲು ಬರುವುದಿಲ್ಲ. ಇಂದಿಗೂ ದಿವೇಹಿಗಳಿಗೆ ಭಾನುವಾರ ಆದೀತ್ತ, ಸೋಮವಾರ ಹೋಮ, ಮಂಗಳವಾರ ಅಂಗಾರ, ಬುಧವಾರ ಬುದ, ಗುರುವಾರ ಬುರಾಸ್ಫತಿ. ಮಸೀದಿಯ ನಮಾಜಿನ ಶುಕ್ರವಾರವೂ ಹುಕುರು, ಎಂದರೆ ನಮ್ಮ ಶುಕ್ರನೇ. ಸಕಾರ ಹಕಾರವಾಗುವುದು ಕನ್ನಡಿಗರಿಗೆ ಅಪರಿಚಿತವಾದ ಚಾಳಿಯಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಅವರ ಮಳೆಗಾಳಿಯ ಪಂಚಾಂಗ. ನಮ್ಮ ರೈತನು ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಎಣಿಸಿ ಬಿತ್ತುವಂತೆ ಅಲ್ಲಿಯ ಬೆಸ್ತನು ವರ್ಷವನ್ನು ಇಪ್ಪತ್ತೇಳು ನಕೈಗಳಾಗಿ ಭಾಗಿಸಿ, ಅಸ್ಸಿದ, ಬುರುನು, ಕೆತಿ, ರೋನು ಎಂದು ಎಣಿಸಿ ದೋಣಿ ಇಳಿಸುತ್ತಾನೆ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ! ಉಳುವ ನೆಲವೇ ಇಲ್ಲದ ನಾಡಿನಲ್ಲಿ ಉಳುಮೆಯ ನಕ್ಷತ್ರಗಳು ಮೀನುಗಾರಿಕೆಗೆ ಒದಗಿದವು. ಆ ಸಾಲುಗಳನ್ನು ಮೊದಲು ಓದಿದಾಗ ನನಗೆ ದೂರದ ನೆಂಟರ ಮನೆಗೆ ಹೋಗಿ ಅಡುಗೆಮನೆಯಲ್ಲಿ ನಮ್ಮದೇ ಪಾತ್ರೆಯನ್ನು ಕಂಡಂತಾಯಿತು.

ಇನ್ನು ಕವಡೆಗೆ ಬರೋಣ. ಹನ್ನೊಂದನೆಯ ಶತಮಾನದಲ್ಲಿ ಅಲ್ಬೆರೂನಿಯು ಈ ಕಡಲಿನ ದ್ವೀಪಗಳನ್ನು ಕವಡೆಯ ದ್ವೀಪಗಳು, ತೆಂಗಿನ ನಾರಿನ ಹಗ್ಗದ ದ್ವೀಪಗಳು ಎಂದು ಎರಡಾಗಿ ವಿಂಗಡಿಸಿದ. ಇದು ಅಂದಾಜಿನ ಮಾತಾದರೂ ಸರಿಯಾದ ಮಾತು. ಈ ಕಡಲಿಗೆ ಹೊರಗಿನವರು ಹಡಗು ಕಟ್ಟಿಕೊಂಡು ಬಂದದ್ದು ಈ ಎರಡು ಸರಕಿಗಾಗಿ. ಹಗ್ಗದ ಕಥೆ ನಮ್ಮ ಹತ್ತಿರದ್ದೇ: ಲಕ್ಷದ್ವೀಪದ ಅಮೀನ್‌ದಿವಿ ದ್ವೀಪಗಳು ಕೆಲಕಾಲ ಟಿಪ್ಪುವಿನ ಮೈಸೂರಿಗೂ ಆಮೇಲೆ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೂ ಸೇರಿದ್ದು, ಅಲ್ಲಿಯ ಜನ ನಾರನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಕವಡೆಯನ್ನು ಹಿಡಿಯುವ ಕ್ರಮವೂ ತೆಂಗಿನದೇ. ಗರಿಗಳನ್ನು ಕಟ್ಟಿ ಆಳವಿಲ್ಲದ ನೀರಿನಲ್ಲಿ ತೇಲಬಿಟ್ಟರೆ ಹುಳುಗಳು ಬಂದು ಕಚ್ಚಿಕೊಳ್ಳುತ್ತವೆ. ಗರಿಯನ್ನು ದಡಕ್ಕೆಳೆದು ಕೊಡವಿ, ಮರಳಲ್ಲಿ ಹೂತು, ಒಳಗಿನ ಜೀವ ಕೊಳೆತು ಹೋದ ಮೇಲೆ ತೊಳೆದರೆ ಬೆಳ್ಳಗಿನ ಹಣ ಸಿದ್ಧ. ಟಂಕಸಾಲೆ ಬೇಡ, ಖೋಟಾ ನಾಣ್ಯದ ಭಯವಿಲ್ಲ.

ಇದರ ಅಂಕಿಸಂಖ್ಯೆಯನ್ನು ನಮಗಾಗಿ ಬರೆದಿಟ್ಟವನು ಇಬ್ನ್ ಬತೂತ. ದೆಹಲಿಯ ತುಘಲಕನಿಂದ ತಪ್ಪಿಸಿಕೊಂಡಂತೆ ಹೊರಟ ಈ ಮೊರೊಕ್ಕೊ ದೇಶದವನು ನಮ್ಮ ಹೊನ್ನಾವರದಲ್ಲಿಯೂ ತಂಗಿ, ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿರುವುದನ್ನು ಕಂಡು ಮೆಚ್ಚಿ ಬರೆದವನು. 1343ರಲ್ಲಿ ಮಾಲ್ದೀವಿಗೆ ಬಂದು ಕಾಜಿಯಾದ. ಸಿಂಹಾಸನದ ಮೇಲಿದ್ದವಳು ಖದೀಜಾ ಎಂಬ ರಾಣಿ. ಶುಕ್ರವಾರದ ನಮಾಜಿಗೆ ಬಾರದವರಿಗೆ ಚಾಟಿಯೇಟು ಹೊಡೆಸುವುದರಲ್ಲಿ ಅವನು ಯಶಸ್ವಿಯಾದ. ಸೊಂಟದ ಮೇಲೆ ಬಟ್ಟೆ ಹೊದೆಯದ ಹೆಂಗಸರಿಗೆ ಬಟ್ಟೆ ತೊಡಿಸುವುದರಲ್ಲಿ ಸೋತ. ತನ್ನ ನ್ಯಾಯಾಲಯಕ್ಕೆ ಬಂದವರು ಮಾತ್ರ ಹೊದೆಯಬೇಕೆಂಬಲ್ಲಿಗೆ ರಾಜಿಯಾದ. ತಾನು ಮಾತ್ರ ಅಲ್ಲಿ ಮದುವೆಯ ಮೇಲೆ ಮದುವೆ ಮಾಡಿಕೊಂಡ. ಅವನ ಲೆಕ್ಕ ಹೀಗಿದೆ: ನೂರು ಕವಡೆಗೆ ಒಂದು ಸಿಯಾ, 700ಕ್ಕೆ ಒಂದು ಫಾಲ್, 12,000ಕ್ಕೆ ಒಂದು ಕೊಟ್ಟ, ಲಕ್ಷಕ್ಕೆ ಒಂದು ಬಸ್ತು. ಕೊಟ್ಟ ಎಂಬುದು ಗರಿಯಲ್ಲಿ ಬಿಗಿದ ಮೂಟೆ. ಕೊಟ್ಟೆ ಕಡುಬನ್ನು ಬಲ್ಲ ಕರಾವಳಿಯ ಓದುಗರ ಕಿವಿಗೆ ಈ ಶಬ್ದ ಹಿತವಾದೀತು. ಮಾಲ್ದೀವಿನಲ್ಲಿ ಒಂದು ಚಿನ್ನದ ದೀನಾರಕ್ಕೆ ನಾಲ್ಕು ಬಸ್ತು, ಎಂದರೆ ನಾಲ್ಕು ಲಕ್ಷ ಕವಡೆ. ಮುಂದೆ ಅವನು ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೋದಾಗ ಅಲ್ಲಿಯೂ ಅದೇ ಕವಡೆಯನ್ನು ಕಂಡ. ಅಲ್ಲಿಯ ದರ ದೀನಾರಕ್ಕೆ 1,150. ಮುನ್ನೂರು ಪಟ್ಟಿಗೂ ಮಿಕ್ಕ ಅಂತರ! ಇಷ್ಟು ದೊಡ್ಡ ಲಾಭ ಕಾದಿರುವಲ್ಲಿ ವ್ಯಾಪಾರಿಗಳು ಬಾರದೆ ಇರುವರೆ?

ಮೊದಲು ಬಂದವರು ಬಂಗಾಳದವರು. ಮಾಲ್ದೀವಿನ ಮರಳಲ್ಲಿ ಬತ್ತ ಬೆಳೆಯದು. ಬಂಗಾಳದ ಅಕ್ಕಿ ಬಂತು, ಕವಡೆ ಹೋಯಿತು. 1602ರಲ್ಲಿ ಹಡಗೊಡೆದು ಐದು ವರ್ಷ ಅಲ್ಲಿ ಸೆರೆಯಿದ್ದ ಪಿರಾರ್ಡ್ ಎಂಬ ಫ್ರೆಂಚನು, ಬೇರೆ ಸರಕಿಲ್ಲದೆ ಬರಿಯ ಕವಡೆಯನ್ನೇ ತುಂಬಿಕೊಂಡು ಮೂವತ್ತು ನಲವತ್ತು ಹಡಗುಗಳು ಹೊರಟುದನ್ನು ಕಂಡೆನೆನ್ನುತ್ತಾನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಿಲ್ಹೆಟ್ ಜಿಲ್ಲೆಯ ಕಂದಾಯವೆಲ್ಲ ಕವಡೆಯಲ್ಲಿಯೇ ಸಂದಾಯವಾಗುತ್ತಿತ್ತು. ರೂಪಾಯಿಗೆ 5,120ರಂತೆ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ. ಗುಣಿಸಿ ನೋಡಿದೆ: 128 ಕೋಟಿ ಕವಡೆ. ಕಂಪನಿಯ ಕಲೆಕ್ಟರ್ ಲಿಂಡ್ಸೆ ಇದನ್ನು ದೋಣಿಗಳಲ್ಲಿ ತುಂಬಿಸಿ ಢಾಕಾಕ್ಕೆ ಸಾಗಿಸಬೇಕಿತ್ತು. ಕಂಪನಿಯವರಿಗೆ ಇದೊಂದು ಪೀಡೆ; ಆದರೆ ಒಂದು ಹಿಡಿ ಉಪ್ಪನ್ನು ಕೊಳ್ಳುವ ಬಡವನಿಗೆ ರೂಪಾಯಿಯಿಂದ ಏನು ಪ್ರಯೋಜನ? ಒರಿಸ್ಸಾದಲ್ಲಿ ಕವಡೆಯನ್ನು ತಳ್ಳಿ ಬೆಳ್ಳಿಯಲ್ಲಿ ಕಂದಾಯ ಕೇಳಿದ್ದು 1817ರ ಪಾಯಿಕರ ದಂಗೆಯ ಕಾರಣಗಳಲ್ಲೊಂದು. ನಮ್ಮ ಗಾದೆಯ ತಿರಸ್ಕಾರ, ಬೆಳ್ಳಿ ಕೈಗೆ ಬಂದವರ ತಿರಸ್ಕಾರವೆಂದು ನನಗೆ ಅನ್ನಿಸುತ್ತದೆ.

ಆಮೇಲೆ ಬಂದವರು ಡಚ್ಚರು ಮತ್ತು ಇಂಗ್ಲಿಷರು. ಸಿಂಹಳದ ರೇವುಗಳಿಂದಲೂ ಒರಿಸ್ಸಾದ ಬಾಲಸೋರಿನಿಂದಲೂ ಕವಡೆಯನ್ನು ಹಡಗಿನ ತಳಭಾರವಾಗಿ ಆಮ್‌ಸ್ಟರ್‌ಡಾಮಿಗೂ ಲಂಡನ್ನಿಗೂ ಒಯ್ದರು. ಅಲ್ಲಿ ಹರಾಜು. ಕೊಂಡವರು ಗಿನಿ ತೀರದ ವ್ಯಾಪಾರಿಗಳು. ಆ ತೀರದಲ್ಲಿ ಕವಡೆಯನ್ನು ಸುರಿದು ಕೊಂಡದ್ದು ಮನುಷ್ಯರನ್ನು. ದಹೋಮಿಯ ವೀಡಾ ರೇವಿನಂಥ ಕಡೆ ಗುಲಾಮನ ಬೆಲೆಯ ದೊಡ್ಡ ಪಾಲನ್ನು ಕವಡೆಯಲ್ಲಿಯೇ ಎಣಿಸುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಹೀಗೆ ಪಶ್ಚಿಮ ಆಫ್ರಿಕಾ ಸೇರಿದ ಕವಡೆಗಳು ಸಾವಿರ ಕೋಟಿಯಷ್ಟು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಾಂಜಿಬಾರಿನ ಅಗ್ಗದ ಕವಡೆ ಮಾರುಕಟ್ಟೆಯನ್ನು ಮುಳುಗಿಸಿ, ಚಿಪ್ಪಿನ ಹಣ ತಾನಾಗಿ ಬೆಲೆಗೆಟ್ಟಿತು. ಮಾಲ್ದೀವಿನ ಮೊಣಕಾಲುದ್ದ ನೀರಿನಲ್ಲಿ ನಿಂತು ಗರಿ ಕೊಡವಿದ ಹೆಣ್ಣುಮಗಳಿಗೆ ಸಿಕ್ಕಿದ್ದು ಒಂದಿಷ್ಟು ಅಕ್ಕಿ. ಆ ಗರಿಯ ಇನ್ನೊಂದು ತುದಿಯಲ್ಲಿ ಸರಪಳಿ ಇತ್ತೆಂಬುದನ್ನು ಅವಳಿಗೆ ಯಾರು ಹೇಳಬೇಕು? ಚೌಕಾಬಾರದ ಕವಡೆಗಳನ್ನು ಈಗ ಕೈಗೆತ್ತಿಕೊಂಡಾಗ, ಮೊದಲಿನಷ್ಟು ಹಗುರವಾಗಿ ಅವು ನನಗೆ ತೋರುವುದಿಲ್ಲ.

ರಾಜಕೀಯದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 1558ರಿಂದ ಹದಿನೈದು ವರ್ಷ ಪೋರ್ಚುಗೀಸರು ಮಾಲೆಯನ್ನು ಆಳಿದರು. ಉತೀಮು ದ್ವೀಪದ ಮುಹಮ್ಮದ್ ತಕುರುಫಾನು ತಮ್ಮ ಸೋದರರೊಡನೆ ರಾತ್ರಿಯ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹಾಯ್ದು ಹೋರಾಡಿ 1573ರಲ್ಲಿ ಅವರನ್ನು ಹೊರಹಾಕಿದ. 1887ರಿಂದ ಬ್ರಿಟಿಷರ ರಕ್ಷಣೆ, 1965ರ ಜುಲೈ 26ರಂದು ಸ್ವಾತಂತ್ರ್ಯ, 1968ರಿಂದ ಗಣರಾಜ್ಯ. 1972ರಲ್ಲಿ ಮೊದಲ ಪ್ರವಾಸಿಗಳು ಬಂದರು. ಅಂದಿನಿಂದ ಕವಡೆಯ ಸ್ಥಾನವನ್ನು ಬಿಸಿಲೂ ಮರಳೂ ಪಡೆದಿವೆ.

ಆ ಮರಳೇ ಈಗಿನ ಚಿಂತೆ. ದ್ವೀಪದ ಬಾವಿಯ ನೀರೆಂದರೆ ಮರಳಲ್ಲಿ ಇಂಗಿದ ಮಳೆನೀರು; ಉಪ್ಪುನೀರಿನ ಮೇಲೆ ಎಣ್ಣೆಯಂತೆ ತೆಳ್ಳಗೆ ತೇಲುತ್ತದೆ. ಹೆಚ್ಚು ಸೇದಿದರೂ ಕಡಲು ಏರಿದರೂ ಬಾವಿ ಉಪ್ಪಾಗುತ್ತದೆ. ಮಾಲೆಯಲ್ಲಿ ಕಡಲ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ. 2014ರ ಡಿಸೆಂಬರಿನಲ್ಲಿ ಆ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನದಲ್ಲಿಯೂ ಹಡಗಿನಲ್ಲಿಯೂ ನೀರು ಕಳುಹಿಸಿತು. 2009ರಲ್ಲಿ ಅಲ್ಲಿಯ ಮಂತ್ರಿಮಂಡಲ ಮುಳುಗುಡುಗೆ ತೊಟ್ಟು ನೀರಿನಡಿಯಲ್ಲಿ ಸಭೆ ನಡೆಸಿದ್ದನ್ನು ಪತ್ರಿಕೆಗಳಲ್ಲಿ ನೋಡಿ ನಕ್ಕವರುಂಟು.

ನಗದವರೂ ಇದ್ದರು. ಉತ್ತರದ ರಾ ಅಟಾಲಿನಲ್ಲಿ ಕಂದೊಳುಧೂ ಎಂಬ ದ್ವೀಪವಿದೆ. 2004ರ ಡಿಸೆಂಬರ್ 26ರ ಸುನಾಮಿ ಅದರ ಮನೆಗಳನ್ನು ಕೆಡವಿ, ಬಾವಿಗಳಿಗೆ ಉಪ್ಪು ತುಂಬಿ ಹೋಯಿತು. ಸುಮಾರು ನಾಲ್ಕು ಸಾವಿರ ಜನ ಒಬ್ಬರೂ ಉಳಿಯದಂತೆ ದೋಣಿ ಹತ್ತಿ, ನಾಲ್ಕು ವರ್ಷ ಬೇರೆ ಬೇರೆ ದ್ವೀಪಗಳಲ್ಲಿ ಕಾದು, 2008ರ ಕೊನೆಯಲ್ಲಿ ಅದೇ ಅಟಾಲಿನ ಧುವಾಫರು ಎಂಬ ನಿರ್ಜನ ದ್ವೀಪದಲ್ಲಿ ಕಟ್ಟಿದ ಹೊಸ ಮನೆಗಳಿಗೆ ಬಂದರು. ಹಳೆಯ ದ್ವೀಪ ನೀರಿನಲ್ಲಿ ಮುಳುಗಿಲ್ಲ. ಅದು ಅಲ್ಲಿಯೇ ಇದೆ. ಅಲ್ಲಿಗೆ ವಾಸಕ್ಕೆ ಯಾರೂ ಮರಳಿ ಹೋಗಲಿಲ್ಲ.