ತುರ್ಕಿ ಮತ್ತು ಅರ್ಮೇನಿಯನ್ ಭಾಷೆಗಳು
ಅನಟೋಲಿಯದಲ್ಲಿ ಶತಮಾನಗಳ ಕಾಲ ಒಡನಾಡಿದ, ಆದರೆ ಮೂಲದಲ್ಲಿ ಸಂಬಂಧವಿಲ್ಲದ ಎರಡು ಭಾಷೆಗಳು. ತುರ್ಕಿ ಭಾಷೆಯು ತುರ್ಕಿಕ್ ಕುಟುಂಬದ ಒಘುಜ್ ಶಾಖೆಗೆ ಸೇರಿದೆ. ಅರ್ಮೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ ಸ್ವತಂತ್ರ ಶಾಖೆಯೆಂದು ಹೈನ್ರಿಶ್ ಹ್ಯೂಬ್ಶ್‌ಮನ್ 1875ರಲ್ಲಿ ತೋರಿಸಿಕೊಟ್ಟ. ಅದುವರೆಗೆ ಅದನ್ನು ಇರಾನಿ ಭಾಷೆಯೆಂದೇ ಎಣಿಸಲಾಗುತ್ತಿತ್ತು.

ವ್ಯಾಕರಣ: ತುರ್ಕಿಯಲ್ಲಿ ಕನ್ನಡದಂತೆ ಪ್ರತ್ಯಯಗಳು ಸಾಲಾಗಿ ಕೂಡಿಕೊಳ್ಳುತ್ತವೆ: ‘ಎವ್’ (ಮನೆ), ‘ಎವ್ಲೆರ್’ (ಮನೆಗಳು), ‘ಎವ್ಲೆರ್ದೆ’ (ಮನೆಗಳಲ್ಲಿ). ಪ್ರತ್ಯಯದ ಸ್ವರ ಪದದ ಸ್ವರಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಅರ್ಮೇನಿಯನ್‌ನಲ್ಲಿ ಈ ಸ್ವರಸಾಮರಸ್ಯ ನಿಯಮವಿಲ್ಲ. ‘ತುನ್’ (ಮನೆ) ಬಹುವಚನದಲ್ಲಿ ‘ತ್ನೆರ್’ ಆಗುವಾಗ ಪ್ರಕೃತಿಯ ಸ್ವರವೇ ಲೋಪಿಸುತ್ತದೆ. ಎರಡರಲ್ಲೂ ವ್ಯಾಕರಣಲಿಂಗವಿಲ್ಲ.

ಲಿಪಿ: ಅರ್ಮೇನಿಯನ್ ಲಿಪಿಯನ್ನು ಮೆಸ್ರೋಪ್ ಮಾಷ್ಟೋಟ್ಸ್ ಸುಮಾರು ಕ್ರಿ.ಶ. 405ರಲ್ಲಿ 36 ಅಕ್ಷರಗಳೊಂದಿಗೆ ರೂಪಿಸಿದ. ತುರ್ಕಿಯು 1928ರಲ್ಲಿ ಅರಬ್ಬಿ ಲಿಪಿಯನ್ನು ಬಿಟ್ಟು 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಯನ್ನು ಸ್ವೀಕರಿಸಿತು.

ಸಂಪರ್ಕ: ಎರಡೂ ಭಾಷೆಗಳ ನಡುವೆ ಪದಗಳ ಕೊಡುಕೊಳ್ಳುವಿಕೆ ನಡೆದಿದೆ. ಒಟ್ಟೋಮನ್ ಕಾಲದಲ್ಲಿ ತುರ್ಕಿಯನ್ನು ಅರ್ಮೇನಿಯನ್ ಲಿಪಿಯಲ್ಲಿ ಬರೆಯುವ ರೂಢಿಯೂ ಇತ್ತು. ವರ್ತಾನ್ ಪಾಷಾನ ‘ಅಕಾಬಿ ಹಿಕಾಯೆಸಿ’ (1851) ಕಾದಂಬರಿ ಇದಕ್ಕೆ ಪ್ರಸಿದ್ಧ ನಿದರ್ಶನ.